ಮಾರುಕಟ್ಟೆ ಕೈಬಿಟ್ಟ ಆಟದ ಯಂತ್ರವನ್ನು ಕೊಳ್ಳಬೇಕೆ?

ಕನ್ನಡದಲ್ಲಿ ಗುಜರಿ ಎಂದರೆ ತೂಕಕ್ಕೆ ಹಾಕುವ ಹಳೆ ಕಬ್ಬಿಣ, ತೂತುಬಿದ್ದ ಬಕೆಟ್, ಕೆಟ್ಟ ರೇಡಿಯೊ. ಅಹಮದಾಬಾದಿನಲ್ಲಿ ಅದೇ ಶಬ್ದ ಒಂದು ಸಂತೆಯ ಹೆಸರು. ಸಾಬರಮತಿಯ ದಂಡೆಯಲ್ಲಿ, ಎಲ್ಲಿಸ್ ಸೇತುವೆಯ ಬಳಿ ಪ್ರತಿ ಭಾನುವಾರ ಸೇರುವ ಈ ಗುಜರಿ ಬಜಾರನ್ನು ಊರಿನವರು ರವಿವಾರಿ ಎಂದೂ ಕರೆಯುತ್ತಾರೆ. 1411ರಲ್ಲಿ ನಗರಕ್ಕೆ ಅಡಿಪಾಯ ಹಾಕಿದ ಸುಲ್ತಾನ ಅಹಮದ್ ಶಾಹನ ಕಾಲದಿಂದಲೇ ಇದು ನಡೆದುಬಂದಿದೆ ಎಂಬುದು ಅಲ್ಲಿಯವರ ನಂಬಿಕೆ. ಮಂಚ, ಪಾತ್ರೆ, ಹಳೆ ಪುಸ್ತಕ, ಗಡಿಯಾರ, ಬಿಚ್ಚಿಟ್ಟ ಎಲೆಕ್ಟ್ರಾನಿಕ್ ಸಾಮಾನು ಎಲ್ಲವೂ ನೆಲದ ಮೇಲೆ ಹರಡಿಕೊಂಡಿರುತ್ತವೆ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಗುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಇಡೀ ಸಂತೆ ನಿಂತಿದೆ. ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರಗಳ ವಿಷಯದಲ್ಲೂ ಈ ನಂಬಿಕೆ ಸಲ್ಲುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ಬಿಡುಗಡೆಯಾದಾಗ ಜನ ಒಪ್ಪದ, ಕಂಪನಿಯೇ ಕೊನೆಗೆ ಕೈಬಿಟ್ಟ ಯಂತ್ರವೊಂದನ್ನು ಅದರ ಆಟಗಳಿಗಾಗಿ ಅಗ್ಗದಲ್ಲಿ ಕೊಳ್ಳುವುದು ಜಾಣತನವೇ, ದಡ್ಡತನವೇ? ಆಟಗಳನ್ನು ಮೊದಲು ಎಣಿಸಿ ಆಮೇಲೆ ಯಂತ್ರವನ್ನು ನೋಡುವವರಿಗೆ ಅದು ಒಳ್ಳೆಯ ವ್ಯಾಪಾರವೆಂದೇ ನನ್ನ ವಾದ.

ಸೋನಿ ಕಂಪನಿಯ ಪ್ಲೇಸ್ಟೇಷನ್ ವೀಟಾ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. ಅದರ ಹಿಂದಿನ ಪಿಎಸ್‌ಪಿ 2004ರಲ್ಲಿ ಬಂದು ಜಗತ್ತಿನಾದ್ಯಂತ ಸುಮಾರು 8 ಕೋಟಿ ಮಾರಾಟವಾಗಿತ್ತು. ನಮ್ಮ ದೇಶದ ನಗರಗಳಲ್ಲೂ ಆ ಹೆಸರು ಹುಡುಗರ ಬಾಯಲ್ಲಿತ್ತು. 2011ರ ಡಿಸೆಂಬರಿನಲ್ಲಿ ಜಪಾನಿನಲ್ಲೂ 2012ರ ಫೆಬ್ರವರಿಯಲ್ಲಿ ಭಾರತವೂ ಸೇರಿದಂತೆ ಉಳಿದೆಡೆಯೂ ಬಂದ ವೀಟಾ ಎಲ್ಲ ರೀತಿಯಲ್ಲೂ ಅದಕ್ಕಿಂತ ಮೇಲಾದ ಯಂತ್ರ. ಐದು ಅಂಗುಲದ ಒಎಲ್ಇಡಿ ಪರದೆ, ಆಟ ನಿಯಂತ್ರಿಸುವ ಎರಡು ಕಡ್ಡಿಗಳು, ಮುಂದೆಯೂ ಬೆನ್ನಿನಲ್ಲೂ ಬೆರಳ ಸ್ಪರ್ಶ ಗುರುತಿಸುವ ಫಲಕ ಅದಕ್ಕಿದ್ದವು. ಇಲ್ಲಿ ಬೆಲೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಆದರೆ ವ್ಯಾಪಾರ ಕುದುರಲಿಲ್ಲ. ಎಷ್ಟು ಮಾರಿತೆಂಬ ಪೂರ್ತಿ ಲೆಕ್ಕವನ್ನು ಕಂಪನಿ ಹೊರಗೆ ಹೇಳಲೇ ಇಲ್ಲ. ಹೊರಗಿನವರ ಅಂದಾಜು 1 ಕೋಟಿಯಿಂದ 1.6 ಕೋಟಿಯವರೆಗೆ ಓಡಾಡುತ್ತದೆ. ಅದೇ ಕಾಲದ ನಿಂಟೆಂಡೊ 3ಡಿಎಸ್ ಸುಮಾರು 7.6 ಕೋಟಿ ಮಾರಿತು. 2019ರ ಮಾರ್ಚ್ 1ರಂದು ವೀಟಾದ ತಯಾರಿಕೆ ನಿಂತಿತು.

ಸೋಲಿಗೆ ಕಾರಣವೇನು ಎಂಬುದನ್ನು ಬಿಡಿಸಿ ನೋಡಿದರೆ ನನ್ನ ವಾದಕ್ಕೆ ಮೊದಲ ಆಧಾರ ಸಿಗುತ್ತದೆ. ವೀಟಾಕ್ಕೆ ಎಲ್ಲೆಡೆ ಸಿಗುವ ಮೆಮೊರಿ ಕಾರ್ಡ್ ಹಿಡಿಸುತ್ತಿರಲಿಲ್ಲ. ಸೋನಿಯ ಸ್ವಂತ ಕಾರ್ಡೇ ಬೇಕಿತ್ತು. 249 ಡಾಲರಿನ ಯಂತ್ರದ 32 ಜಿಬಿ ಕಾರ್ಡಿಗೆ ಅಮೆರಿಕದಲ್ಲಿ 100 ಡಾಲರು ತೆರಬೇಕಿತ್ತು. ಎದುರಾಳಿ ನಿಂಟೆಂಡೊ 2011ರ ಆಗಸ್ಟಿನಲ್ಲೇ 3ಡಿಎಸ್ ಬೆಲೆಯನ್ನು 250 ಡಾಲರಿನಿಂದ 170ಕ್ಕೆ ಇಳಿಸಿ ಕಾದು ಕುಳಿತಿತ್ತು. ಅಷ್ಟರಲ್ಲಿ ಸ್ಮಾರ್ಟ್‌ಫೋನು ಎಲ್ಲರ ಜೇಬು ಸೇರಿತು; 2013ರಲ್ಲಿ ಪ್ಲೇಸ್ಟೇಷನ್ 4 ಬಂದ ಮೇಲೆ ಸೋನಿಯ ಗಮನವೂ ಅತ್ತ ಹರಿಯಿತು. ಈ ನಾಲ್ಕು ಕಾರಣಗಳಲ್ಲಿ ‘ಆಟಗಳು ಕೆಟ್ಟದಾಗಿದ್ದವು’ ಎಂಬುದು ಎಲ್ಲೂ ಇಲ್ಲ. 2012ರ ಗ್ರಾವಿಟಿ ರಷ್, ಅದೇ ವರ್ಷದ ಪರ್ಸೋನಾ 4 ಗೋಲ್ಡನ್, 2013ರ ಟೇರ್‌ಅವೇ ಇವೆಲ್ಲ ವೀಟಾಕ್ಕಾಗಿಯೇ ಸಿದ್ಧವಾಗಿ ವಿಮರ್ಶಕರ ಮೆಚ್ಚುಗೆ ಪಡೆದ ಆಟಗಳು. ಯಂತ್ರದ ತಯಾರಿಕೆ ನಿಂತ ಮರುವರ್ಷ, 2020ರ ಜೂನಿನಲ್ಲಿ, ಪರ್ಸೋನಾ 4 ಗೋಲ್ಡನ್ ಕಂಪ್ಯೂಟರಿಗೆ ಬಂದಾಗ ಎಂಟು ವರ್ಷ ಹಳೆಯ ಆ ಆಟವನ್ನು ಹೊಸ ಜನ ಮುಗಿಬಿದ್ದು ಕೊಂಡರು. ವೀಟಾ ಜನಕ್ಕೆ ಬೇಡವಾಗಿದ್ದಾಗ ಅದರೊಳಗೆ ಇದ್ದದ್ದೂ ಇದೇ ಆಟ.

ಹಾಗಾದರೆ ಬೆಲೆ ಏಕೆ ಇಳಿಯುತ್ತದೆ? ಹೊಸ ಆಟದ ಯಂತ್ರವೊಂದರ ಬೆಲೆಯಲ್ಲಿ ಎರಡು ಪಾಲಿರುತ್ತದೆ. ಒಂದು ಪಾಲು ಇವತ್ತಿನದು: ಈಗಾಗಲೇ ಇರುವ ಆಟಗಳು, ಪರದೆ, ಗುಂಡಿಗಳು. ಇನ್ನೊಂದು ನಾಳಿನದು: ಮುಂದೆ ಬರಲಿರುವ ಆಟಗಳು, ಜೊತೆಗೆ ಆಡಲು ಸಿಗುವ ಗೆಳೆಯರು, ಕಂಪನಿ ಮಾಡುವ ರಿಪೇರಿ, ಮತ್ತೆ ಮಾರಿದರೆ ಬರುವ ದುಡ್ಡು. ಕಡಿಮೆ ಜನ ಕೊಂಡರೆ ಆಟ ತಯಾರಿಸುವವರು ಬೇರೆ ಯಂತ್ರಕ್ಕೆ ಹೋಗುತ್ತಾರೆ; ಆಟ ಬರದಿದ್ದರೆ ಇನ್ನೂ ಕಡಿಮೆ ಜನ ಕೊಳ್ಳುತ್ತಾರೆ; ಅಂಗಡಿಯವರು ಆ ಕಪಾಟನ್ನು ಬೇರೆ ಸರಕಿಗೆ ಬಿಡುತ್ತಾರೆ. ಹೀಗೆ ನಾಳಿನ ಪಾಲು ಕರಗಿಹೋದಾಗ ಬೆಲೆ ಕುಸಿಯುತ್ತದೆ. ಇವತ್ತಿನ ಪಾಲು ಮಾತ್ರ ಇದ್ದಲ್ಲೇ ಇರುತ್ತದೆ. ಸೂರತ್ತಿನ ಬಟ್ಟೆ ವ್ಯಾಪಾರ ಗೊತ್ತಿರುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹಳೆಯ ಡಿಸೈನಿನ ಸೀರೆ, ಥಾನಿನ ಕೊನೆಯಲ್ಲಿ ಉಳಿದ ಕಟ್‌ಪೀಸ್ ಅಲ್ಲಿ ಅಗ್ಗಕ್ಕೆ ಹೋಗುವುದು ನೂಲು ಜಾಳಾಗಿದೆ ಎಂಬ ಕಾರಣಕ್ಕಲ್ಲ. ಋತು ಮುಗಿದಿದೆ, ಅಂಗಡಿಯವನಿಗೆ ಜಾಗ ಬೇಕಿದೆ. ರವಿಕೆಗೆ ಒಂದು ಮೀಟರ್ ಸಾಕೆನ್ನುವವರು ಉಳಿದ ಥಾನಿನ ದುಡ್ಡು ಏಕೆ ಕೊಡಬೇಕು? ಒಬ್ಬರೇ ಕುಳಿತು ಹತ್ತು ಒಳ್ಳೆಯ ಆಟ ಆಡಬೇಕೆನ್ನುವವರು ನಾಳಿನ ಪಾಲಿಗೆ ಹಣ ಹಾಕಬೇಕಾದ ಅಗತ್ಯವೂ ಹಾಗೆಯೇ ಇಲ್ಲ.

ಮಾರಾಟವೂ ಗುಣವೂ ಬೇರೆ ಬೇರೆ ಅಳತೆಗಳೆಂಬುದು ಈ ಉದ್ಯಮದ ಚರಿತ್ರೆಯಲ್ಲಿ ಮೊದಲಿನಿಂದಲೂ ಕಾಣುತ್ತದೆ. 1989ರಲ್ಲಿ ನಿಂಟೆಂಡೊದ ಎಂಜಿನಿಯರ್ ಗುನ್‌ಪೇ ಯೊಕೊಯಿ ರೂಪಿಸಿದ ಗೇಮ್ ಬಾಯ್ ಬಣ್ಣವಿಲ್ಲದ ಪರದೆಯದು. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣದ ಪರದೆಯಿತ್ತು, ಹಿಂಬದಿಯ ಬೆಳಕಿತ್ತು. ಬೆಲೆಯೂ ಸುಮಾರು ಇಮ್ಮಡಿಯಿತ್ತು, ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿತ್ತು. ಅಗ್ಗವೂ ಬಾಳಿಕೆಯೂ ಇದ್ದ ಗೇಮ್ ಬಾಯ್, ತನ್ನ ಬಣ್ಣದ ಅವತರಣಿಕೆಯೂ ಸೇರಿ, 11.8 ಕೋಟಿಗೂ ಹೆಚ್ಚು ಮಾರಿತು. ಯೊಕೊಯಿ ನಿಂಟೆಂಡೊ ಬಿಟ್ಟ ಮೇಲೆ ರೂಪಿಸಿದ ವಂಡರ್‌ಸ್ವಾನ್ 1999ರಲ್ಲಿ, ಅವರು ತೀರಿಕೊಂಡು ಒಂದೂವರೆ ವರ್ಷವಾದ ಮೇಲೆ, ಜಪಾನಿನಲ್ಲಿ ಬಂತು. 4,800 ಯೆನ್ ಬೆಲೆಯ, ಒಂದೇ ಒಂದು ಸೆಲ್ಲಿನಿಂದ ನಡೆಯುವ ಆ ಪುಟ್ಟ ಯಂತ್ರ ಅದೇ ಜಾಣ್ಮೆಯ ಫಲ. ಆದರೂ ಅದು ಗೇಮ್ ಬಾಯ್‌ನ ನೆರಳಿನಲ್ಲೇ ಉಳಿಯಿತು. ಒಂದೇ ತಲೆ, ಒಂದೇ ತತ್ವ. ಒಂದು ಗೆದ್ದಿತು, ಇನ್ನೊಂದು ಸೋತಿತು. ಬೆಲೆ, ಕಾಲ, ಎದುರಾಳಿಯ ಬಲ, ಜೊತೆಗಿದ್ದ ಆಟದ ಹೆಸರು ಇವೆಲ್ಲ ಸೇರಿ ಮಾರಾಟದ ಅಂಕಿ ಹುಟ್ಟುತ್ತದೆ. ಆ ಅಂಕಿಯನ್ನು ಗುಣದ ಪ್ರಮಾಣಪತ್ರವೆಂದು ಓದಿದರೆ ನಷ್ಟ ನಮಗೇ.

ಆದರೆ ಈ ವಾದಕ್ಕೆ ಒಂದು ಗಡಿಯಿದೆ. ಸೋತದ್ದೆಲ್ಲ ಕೊಳ್ಳಲು ಯೋಗ್ಯವಲ್ಲ. ಭಾರತದಲ್ಲಿ ಮನೆಮಾತಾಗಿದ್ದ ನೋಕಿಯಾ 2003ರ ಅಕ್ಟೋಬರಿನಲ್ಲಿ ಫೋನೂ ಆಟದ ಯಂತ್ರವೂ ಆದ ಎನ್-ಗೇಜ್ ತಂದಿತು. ಆಟದ ಕಾರ್ಡ್ ಬದಲಿಸಬೇಕಾದರೆ ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿಯನ್ನೇ ಹೊರಗೆಳೆಯಬೇಕಿತ್ತು. ಮಾತಾಡುವಾಗ ಅದರ ಅಂಚನ್ನು ಕಿವಿಗೆ ಹಿಡಿಯಬೇಕಿತ್ತು. ಮರುವರ್ಷ ಬಂದ ಕ್ಯೂಡಿ ಮಾದರಿ ಈ ತೊಂದರೆಗಳನ್ನು ಸರಿಪಡಿಸಿತಾದರೂ ಅದಕ್ಕೆ ಬಂದ ಆಟಗಳು ಅರವತ್ತರ ಒಳಗೇ ಉಳಿದವು, ಅವುಗಳಲ್ಲಿ ಹಲವು ಬೇರೆ ಯಂತ್ರಗಳಲ್ಲಿ ಇನ್ನೂ ಚೆನ್ನಾಗಿ ಆಡಬಹುದಾದಂಥವು. ಇಂಥ ಯಂತ್ರ ಎಷ್ಟು ಅಗ್ಗವಾದರೂ ಆಟಕ್ಕಾಗಿ ಕೊಳ್ಳುವವರಿಗೆ ಲಾಭವಿಲ್ಲ. ಇನ್ನೊಂದು ತುದಿಯಲ್ಲಿ ನಿಂಟೆಂಡೊದ ವರ್ಚುವಲ್ ಬಾಯ್ ಇದೆ. 1995ರಲ್ಲಿ ಬಂದು ಏಳೂಮುಕ್ಕಾಲು ಲಕ್ಷದ ಹತ್ತಿರ ಮಾರಿ, 22 ಆಟಗಳಿಗೇ ಮುಗಿದುಹೋದ ಅದು ಈಗ ಅಪರೂಪದ ವಸ್ತು. ಸಂಗ್ರಹಕಾರರು ಬೆಲೆ ಏರಿಸಿಬಿಟ್ಟಿದ್ದಾರೆ. ಅಂದರೆ ಜನ ಒಪ್ಪದ ಯಂತ್ರ ಅಗ್ಗವಾಗಿ ಸಿಗುವುದು ನಡುವಿನ ಒಂದು ಅವಧಿಯಲ್ಲಿ ಮಾತ್ರ: ಅಂಗಡಿಯ ಕಪಾಟಿನಿಂದ ಇಳಿದ ಮೇಲೆ, ಸಂಗ್ರಹಕಾರರ ಕಪಾಟಿಗೆ ಏರುವ ಮುನ್ನ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಎಲ್ಲರೂ ಕೇಳುವಂಥದ್ದು: ಕೈಯಲ್ಲೇ ಫೋನಿದೆ, ಅದರಲ್ಲಿ ಸಾವಿರಾರು ಆಟ ಪುಕ್ಕಟೆ, ಇನ್ನೊಂದು ಯಂತ್ರ ಯಾಕೆ? ಇದಕ್ಕೆ ಉತ್ತರವಾಗಬಲ್ಲ ಘಟನೆ ಗುಜರಾತಿನಲ್ಲೇ ನಡೆದಿದೆ. ವೀಟಾದ ತಯಾರಿಕೆ ನಿಂತ ಅದೇ 2019ರ ಮಾರ್ಚ್ ತಿಂಗಳಲ್ಲಿ ರಾಜಕೋಟ್, ಸೂರತ್, ಅಹಮದಾಬಾದ್ ಮೊದಲಾದ ಕಡೆ ಪೊಲೀಸರು ಪಬ್ಜಿ ಮೊಬೈಲ್ ಆಟವನ್ನು ನಿಷೇಧಿಸಿ ಆದೇಶ ಹೊರಡಿಸಿದರು. ರಾಜಕೋಟಿನಲ್ಲಿ ಆಡುತ್ತಿದ್ದ ಹತ್ತು ವಿದ್ಯಾರ್ಥಿಗಳು ಬಂಧನಕ್ಕೂ ಒಳಗಾದರು. ಬಂಧನದವರೆಗೆ ಹೋದದ್ದು ಅತಿಯಾಯಿತು ಎಂಬುದೇ ನನ್ನ ಅಭಿಪ್ರಾಯ. ಆದರೆ ತಂದೆತಾಯಂದಿರ ಆತಂಕ ಸುಳ್ಳಾಗಿರಲಿಲ್ಲ. ಫೋನಿನ ಹೆಚ್ಚಿನ ಪುಕ್ಕಟೆ ಆಟಗಳಿಗೆ ಕೊನೆಯೆಂಬುದಿಲ್ಲ. ದಿನವೂ ಬಂದು ಹಾಜರಿ ಹಾಕಲಿ, ನಡುವೆ ಜಾಹೀರಾತು ನೋಡಲಿ, ಬಟ್ಟೆಗೋ ಆಯುಧಕ್ಕೋ ಚೂರುಪಾರು ಹಣ ಹಾಕುತ್ತಲೇ ಇರಲಿ ಎಂದೇ ಅವುಗಳನ್ನು ಹೆಣೆದಿರುತ್ತಾರೆ. ಹತ್ತು ಹನ್ನೆರಡು ವರ್ಷ ಹಿಂದೆ ಕಾರ್ಡಿನಲ್ಲಿ ಮಾರಿದ ಆಟ ಅಂಥದಲ್ಲ. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಅದಕ್ಕೆ ಆರಂಭವಿದೆ, ನಡುವಿದೆ, ಕಾದಂಬರಿಯ ಹಾಗೆ ಕೊನೆಯ ಪುಟವೂ ಇದೆ. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್ಜಿ ಮೊಬೈಲನ್ನು ದೇಶದಾದ್ಯಂತ ನಿಷೇಧಿಸಿದಾಗ ಅದರಲ್ಲಿ ಹಣ ಹಾಕಿದವರ ಆಟವೂ ನಿಂತುಹೋಯಿತು. ಕಾರ್ಡು ಕೈಯಲ್ಲಿದ್ದವರ ಆಟವನ್ನು ಹಾಗೆ ದೂರದಿಂದ ಕಿತ್ತುಕೊಳ್ಳಲು ಆಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಒಳ್ಳೆಯ ಆಟಗಳು ಹೇಗಿದ್ದರೂ ಹೊಸ ಯಂತ್ರಗಳಿಗೆ ಬರುತ್ತವಲ್ಲ, ಕಾದರೆ ಸಾಲದೆ? ಕೆಲವು ಬರುತ್ತವೆ, ನಿಜ. ಪರ್ಸೋನಾ 4 ಗೋಲ್ಡನ್ ಈಗ ಕಂಪ್ಯೂಟರಿನಲ್ಲೂ ಹಲವು ಹೊಸ ಯಂತ್ರಗಳಲ್ಲೂ ಇದೆ. ಅದೊಂದಕ್ಕಾಗಿ ಯಾರೂ ವೀಟಾ ಹುಡುಕಬೇಕಿಲ್ಲ. ಆದರೆ ಟೇರ್‌ಅವೇ ಪ್ಲೇಸ್ಟೇಷನ್ 4ಕ್ಕೆ ಬಂದಾಗ ಬೇರೆಯೇ ರೂಪ ತಾಳಬೇಕಾಯಿತು. ವೀಟಾದ ಬೆನ್ನಿನ ಫಲಕಕ್ಕೆ ಬೆರಳು ಒತ್ತಿದರೆ ಆಟದೊಳಗಿನ ಕಾಗದದ ನೆಲವನ್ನು ಸೀಳಿಕೊಂಡು ಬೆರಳೇ ಮೇಲೆದ್ದಂತೆ ಕಾಣುವ ಆ ಸೊಗಸು ಆ ಯಂತ್ರದಲ್ಲಿ ಮಾತ್ರ ಸಾಧ್ಯ. ಇನ್ನು ಬಹುಪಾಲು ಹಳೆ ಆಟಗಳು ಎಲ್ಲಿಗೂ ಬರುವುದಿಲ್ಲ. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲವೆಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರ ಅಧ್ಯಯನದಲ್ಲಿ ತಿಳಿಸಿತು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ, 2009ರಲ್ಲಿ ಹೈದರಾಬಾದಿನ ಗೇಮ್‌ಶಾಸ್ತ್ರ ಸಂಸ್ಥೆ ಪ್ಲೇಸ್ಟೇಷನ್ 2 ಮತ್ತು ಪಿಎಸ್‌ಪಿಗಾಗಿ ‘ದೇಸಿ ಅಡ್ಡಾ’ ಎಂಬ ಆಟವನ್ನು ತಯಾರಿಸಿತು. ಗಾಳಿಪಟ, ಕಬಡ್ಡಿಯಂಥ ನಮ್ಮ ಬೀದಿಯ ಆಟಗಳೇ ಅದರ ವಸ್ತು. ಉತ್ತರಾಯಣದ ದಿನ ಊರಿಗೆ ಊರೇ ಮಾಳಿಗೆ ಏರಿ ಪಟ ಹಾರಿಸುವ ಅಹಮದಾಬಾದಿನ ಮಗುವಿಗೆ ತನ್ನ ಹಬ್ಬವನ್ನು ತೋರಿಸುವ ಆಟ ಬೇಕೆಂದರೆ ಅಂಥ ಹಳೆಯ ಡಿಸ್ಕನ್ನೇ ಹುಡುಕಬೇಕು, ಅದನ್ನು ಓದಬಲ್ಲ ಹಳೆಯ ಯಂತ್ರವನ್ನೇ ಉಳಿಸಿಕೊಳ್ಳಬೇಕು.

ಈ ಉಳಿಸಿಕೊಳ್ಳುವ ಮಾತು ಬಂದಾಗ ವಡೋದರಾ ನೆನಪಾಗುತ್ತದೆ. ಮೂರನೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ 1910ರಲ್ಲಿ ಬರೋಡಾ ಸಂಸ್ಥಾನದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಚಳವಳಿ ಆರಂಭಿಸಿದರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಹಳ್ಳಿಗಳಿಗೆ ಹೋದವು. ಗ್ರಂಥಾಲಯಕ್ಕೆ ಮಾರಾಟವಾಗುವ ಪುಸ್ತಕವೇ ಬೇಕೆಂದಿಲ್ಲ, ಓದಲು ಯೋಗ್ಯವಾದ ಪುಸ್ತಕ ಸಾಕು. ಆಟಗಳ ಕಷ್ಟವೆಂದರೆ, ಪುಸ್ತಕಕ್ಕೆ ಕಣ್ಣು ಸಾಕು, ಆಟಕ್ಕೆ ಅದರದೇ ಯಂತ್ರ ಬೇಕು. ಕಂಪನಿಗಳ ಆನ್‌ಲೈನ್ ಅಂಗಡಿಗಳನ್ನು ನೆಚ್ಚಿಕೊಳ್ಳುವಂತಿಲ್ಲ. 2021ರ ಮಾರ್ಚಿನಲ್ಲಿ ಸೋನಿ ವೀಟಾದ ಅಂಗಡಿಯನ್ನು ಮುಚ್ಚುವುದಾಗಿ ಘೋಷಿಸಿ, ಆಟಗಾರರ ಪ್ರತಿಭಟನೆಯ ನಂತರ ಏಪ್ರಿಲಿನಲ್ಲಿ ಹಿಂತೆಗೆದುಕೊಂಡಿತು. ಪಿಎಸ್‌ಪಿಯೊಳಗಿನಿಂದ ಆಟ ಕೊಳ್ಳುವ ಸೌಲಭ್ಯ ಮಾತ್ರ ಆ ಜುಲೈನಲ್ಲಿ ನಿಂತೇಹೋಯಿತು. 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ರಂದು ಮುಚ್ಚಿತು. ಆದ್ದರಿಂದ ಇಂಥ ಯಂತ್ರ ಕೊಳ್ಳುವವರು ಕಾರ್ಡಿನಲ್ಲಿ ಸಿಗುವ ಆಟಗಳ ಮೇಲೆ ಲೆಕ್ಕ ಹಾಕಬೇಕು. ಡೌನ್‌ಲೋಡಿನಲ್ಲಿ ಮಾತ್ರ ಸಿಗುವವನ್ನು ಲಾಭದ ಪಟ್ಟಿಯಲ್ಲಿ ಬರೆದುಕೊಳ್ಳಬಾರದು.

ಮೂರನೆಯ ಆಕ್ಷೇಪ ಕೈಖರ್ಚಿನದು: ವಾರಂಟಿ ಇಲ್ಲ, ಬಿಡಿಭಾಗವಿಲ್ಲ, ಕೆಟ್ಟರೆ ಯಾರು ನೋಡುತ್ತಾರೆ? ಇದನ್ನು ತಳ್ಳಿಹಾಕಲಾಗದು. ಆದ್ದರಿಂದಲೇ ಯಂತ್ರದ ಬೆಲೆಯೊಂದನ್ನೇ ಕೇಳಬಾರದು. ಆನೆ ಕೊಳ್ಳುವವರು ಅಂಕುಶದ ಬೆಲೆಯನ್ನೂ ವಿಚಾರಿಸಬೇಕು. ವೀಟಾದ ಮೊದಲ ಮಾದರಿಯೊಳಗೆ ಸ್ವಂತ ಸಂಗ್ರಹ ಸ್ಥಳವಿಲ್ಲ, ಹಲವು ಆಟಗಳಿಗೆ ಮೆಮೊರಿ ಕಾರ್ಡ್ ಬೇಕೇ ಬೇಕು, ಅದರ ಚಾರ್ಜಿಂಗ್ ತಂತಿಯೂ ವಿಶೇಷದ್ದು. 2013ರಲ್ಲಿ ಬಂದ ತೆಳು ಮಾದರಿಗೆ ಒಳಗೇ 1 ಜಿಬಿ ಜಾಗವಿದೆ, ಚಾರ್ಜಿಗೆ ಹಳೆಯ ಮೊಬೈಲುಗಳ ಮೈಕ್ರೊ ಯುಎಸ್‌ಬಿ ತಂತಿ ಸಾಕು. ಅಹಮದಾಬಾದಿನ ರಿಲೀಫ್ ರಸ್ತೆಯ ಯಾವುದೇ ಮೊಬೈಲ್ ಅಂಗಡಿಯಲ್ಲಿ ಅದು ಸಿಗುತ್ತದೆ. ಅಮೆರಿಕ, ಬ್ರಿಟನ್‌ಗಳಲ್ಲಿ ನೆಂಟರಿರುವ ಗುಜರಾತಿನಂಥ ಕಡೆ ಯಂತ್ರ ಒಂದು ದೇಶದ್ದು, ಆಟ ಇನ್ನೊಂದು ದೇಶದ್ದು ಆಗುವುದು ಸಹಜ. ವೀಟಾ ಯಾವ ದೇಶದ ಕಾರ್ಡನ್ನಾದರೂ ಓದುತ್ತದೆ. 3ಡಿಎಸ್ ಓದುವುದಿಲ್ಲ, ಅದಕ್ಕೆ ಅದರ ಪ್ರದೇಶದ ಕಾರ್ಡೇ ಆಗಬೇಕು. ಕೊಳ್ಳುವ ಮುನ್ನ ಒಂದು ಕಾರ್ಡ್ ಹಾಕಿ ಆಡಿ ನೋಡುವುದು, ಕಡ್ಡಿಗಳು ಮುಟ್ಟದೆಯೂ ಸರಿಯುತ್ತವೆಯೇ ಎಂದು ಗಮನಿಸುವುದು, ಹಳೆಯ ಪಿಎಸ್‌ಪಿಯಾದರೆ ಬ್ಯಾಟರಿ ಉಬ್ಬಿದೆಯೇ ಎಂದು ಹಿಂಬದಿ ತೆರೆದು ನೋಡುವುದು, ಹಿಂದಿನವರ ಖಾತೆಯನ್ನು ಅವರ ಎದುರೇ ತೆಗೆಸುವುದು, ಮೂಲ ಬಿಲ್ಲನ್ನು ಕೇಳುವುದು, ಇಷ್ಟು ಮಾಡಿದರೆ ಅಪಾಯದ ಹೆಚ್ಚಿನ ಭಾಗ ಅಲ್ಲೇ ತೀರುತ್ತದೆ. ಉಬ್ಬಿದ ಬ್ಯಾಟರಿಯ ಯಂತ್ರ ಪುಕ್ಕಟೆ ಕೊಟ್ಟರೂ ಚಾರ್ಜಿಗೆ ಹಾಕಬಾರದು.

ಕೊನೆಯ ಆಕ್ಷೇಪ ನೀತಿಯದು. ಹಳೆ ಯಂತ್ರ ಮಾರುವವರಲ್ಲಿ ಕೆಲವರು ಕದ್ದ ನಕಲುಗಳನ್ನು ಮೆಮೊರಿ ಕಾರ್ಡಿನಲ್ಲಿ ತುಂಬಿ ನೂರು ಆಟ ಉಚಿತ ಎನ್ನುತ್ತಾರೆ; ಇಡೀ ಹಳೆ ಯಂತ್ರದ ವ್ಯಾಪಾರವೇ ಕಳ್ಳತನಕ್ಕೆ ದಾರಿಯಲ್ಲವೇ? ಆಟಗಳಿಗಾಗಿಯೇ ಯಂತ್ರ ಕೊಳ್ಳುತ್ತೇವೆ ಎಂದ ಮೇಲೆ ಆಟ ಮಾಡಿದವರ ದುಡಿಮೆಯನ್ನು ಗೌರವಿಸುವುದು ಆ ಮಾತಿನೊಳಗೇ ಬಂತು. ಒಂದು ಅಸಲಿ ಕಾರ್ಡನ್ನು ಮೊದಲು ಕೊಂಡವರು ಅದರ ಬೆಲೆ ತೆತ್ತಿದ್ದಾರೆ. ಅದನ್ನು ಅವರು ಇನ್ನೊಬ್ಬರಿಗೆ ಮಾರಿದರೆ, ಹಳೆ ಪುಸ್ತಕದ ಹಾಗೆ, ಒಂದು ಪ್ರತಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ. ನಕಲಿನಲ್ಲಿ ಹಾಗಲ್ಲ, ತೆತ್ತವರೇ ಇರುವುದಿಲ್ಲ. ನೂರು ನಕಲುಗಳ ರಾಶಿಯಲ್ಲಿ ಯಾವ ಆಟವನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ಆಡುವ ತಾಳ್ಮೆ ಉಳಿಯುವುದಿಲ್ಲ ಎಂಬುದೂ ನಿಜ. ಕೈಯಲ್ಲಿ ಐದೇ ಕಾರ್ಡಿದ್ದಾಗ ಒಂದೊಂದನ್ನೂ ಮುಗಿಸುವ ಮನಸ್ಸಾಗುತ್ತದೆ.

ಅಹಮದಾಬಾದ್, ವಡೋದರಾ, ಸೂರತ್ತಿನಲ್ಲಿ ನೆಲೆಸಿದ ಕನ್ನಡಿಗರಿಗೂ, ಬೆಂಗಳೂರು ಹುಬ್ಬಳ್ಳಿಗಳಲ್ಲಿ ಇದನ್ನು ಓದುತ್ತಿರುವವರಿಗೂ ಹೇಳುವುದು ಇಷ್ಟೇ. ಸಂತೆಗೆ ಹೋಗುವ ಮುನ್ನ, ಜಾಲತಾಣದಲ್ಲಿ ಹಳೆ ಸಾಮಾನಿನ ಜಾಹೀರಾತು ತೆರೆಯುವ ಮುನ್ನ, ಒಂದು ಕಾಗದ ತೆಗೆದುಕೊಳ್ಳಿ. ಆ ಯಂತ್ರದಲ್ಲಿ ನೀವು ನಿಜವಾಗಿ ಆಡಬಯಸುವ, ನಿಮ್ಮ ಮನೆಯ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸಿಗದ, ಕಾರ್ಡಿನ ರೂಪದಲ್ಲಿ ಲಭ್ಯವಿರುವ ಐದು ಆಟಗಳ ಹೆಸರು ಬರೆಯಿರಿ. ಯಂತ್ರ, ಮೆಮೊರಿ ಕಾರ್ಡ್, ಚಾರ್ಜರ್ ಮೂರರ ಬೆಲೆ ಕೂಡಿಸಿ ಐದರಿಂದ ಭಾಗಿಸಿ. ಒಂದು ಆಟಕ್ಕೆ ಬೀಳುವ ಆ ಮೊತ್ತ ನಿಮಗೆ ಒಪ್ಪಿಗೆಯಾದರೆ, ಜಗತ್ತು ಆ ಯಂತ್ರವನ್ನು ಏನೆಂದು ಕರೆದಿತ್ತು ಎಂಬುದನ್ನು ಮರೆತು ಕೊಳ್ಳಿ. ಐದು ಹೆಸರು ತುಂಬದಿದ್ದರೆ, ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.